ಹಬ್ಬ ಮತ್ತು ಅಂಗಡಿ: ಕನ್ನಡ ನಾಡಿನ ಸಣ್ಣ ವ್ಯಾಪಾರದ ಒಂದು ಚರಿತ್ರೆ

ಹಬ್ಬವು ಮೊದಲು ಮನೆಯ ಮತ್ತು ದೇವಾಲಯದ ಆಚರಣೆಯಾಗಿತ್ತು, ಅದನ್ನು ಮಾರಾಟದ ಸಂದರ್ಭವಾಗಿ ಮಾರ್ಪಡಿಸಿದ್ದು ಇತ್ತೀಚಿನ ಪೇಟೆ ಎಂಬ ಅಭಿಪ್ರಾಯ ವ್ಯಾಪಕವಾಗಿದ್ದರೂ, ಕನ್ನಡ ನಾಡಿನ ಸಂತೆ, ಜಾತ್ರೆ, ಪರಿಷೆಗಳ ಚರಿತ್ರೆಯನ್ನು ನೋಡಿದವರಿಗೆ ಈ ಅನುಕ್ರಮವನ್ನು ಒಪ್ಪುವುದು ಕಷ್ಟವಾಗುತ್ತದೆ. ದೇವರ ದೀಪಕ್ಕೆ ಎಣ್ಣೆಯನ್ನೂ ಉತ್ಸವಕ್ಕೆ ಹಣವನ್ನೂ ಅನ್ನದಾನಕ್ಕೆ ದವಸವನ್ನೂ ಕೊಡುತ್ತಿದ್ದವರಲ್ಲಿ ವ್ಯಾಪಾರಿಗಳು ಮೊದಲಿನಿಂದಲೂ ಇದ್ದರು. ಜನ ಸೇರುವ ದಿನವೇ ಸರಕು ಸಾಗುವ ದಿನವೂ ಆಗಿತ್ತು. ಕಾಲದಿಂದ ಕಾಲಕ್ಕೆ ಬದಲಾದದ್ದು ವ್ಯಾಪಾರಿ ತನ್ನ ಪಾಲನ್ನು ಯಾರಿಗೆ ಸಲ್ಲಿಸುತ್ತಿದ್ದ, ಅದಕ್ಕೆ ಪ್ರತಿಯಾಗಿ ಏನನ್ನು ಪಡೆಯುತ್ತಿದ್ದ ಎಂಬುದು ಮಾತ್ರ. ಹಿಂದೆ ಅವನು ದೇವಾಲಯಕ್ಕೆ ಕೊಟ್ಟು ಶಾಸನದಲ್ಲಿ ಹೆಸರು ಪಡೆದ. ಇಪ್ಪತ್ತನೆಯ ಶತಮಾನದಲ್ಲಿ ಗಿರಾಕಿಗೆ ಕೊಟ್ಟು ಗಿರಾಕಿಯ ಮನೆಯ ಗೋಡೆಯ ಮೇಲೆ ಹೆಸರು ಪಡೆದ. ಈ ಸ್ಥಿತ್ಯಂತರವನ್ನು ಹಂತಹಂತವಾಗಿ ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಇಲ್ಲಿ ಬಳಕೆಯಾಗುವ ಕೆಲವು ಪದಗಳನ್ನು ಬಿಡಿಸಿ ಹೇಳಬೇಕಾಗುತ್ತದೆ. ವಾರಕ್ಕೊಮ್ಮೆ ನಿಗದಿತ ದಿನದಂದು ಸುತ್ತಲಿನ ಹಳ್ಳಿಗಳ ಜನ ಕೂಡಿ ಕೊಳ್ಳುವ ಮತ್ತು ಮಾರುವ ಕೂಟವು ಸಂತೆ. ವರ್ಷಕ್ಕೊಮ್ಮೆ, ಅಥವಾ ಶಿರಸಿಯ ಮಾರಿಕಾಂಬೆಯ ಸಂದರ್ಭದಲ್ಲಿರುವಂತೆ ಎರಡು ವರ್ಷಕ್ಕೊಮ್ಮೆ, ಒಂದು ದೈವದ ಉತ್ಸವದ ನಿಮಿತ್ತ ಸೇರುವುದು ಜಾತ್ರೆ. ಹಳೆಯ ಮೈಸೂರು ಸೀಮೆಯಲ್ಲಿ ಇದನ್ನೇ ಪರಿಷೆ ಎನ್ನುವುದುಂಟು. ಸಂಕ್ರಮಣ, ಗ್ರಹಣ, ಹುಣ್ಣಿಮೆ, ಅಮಾವಾಸ್ಯೆಗಳಂತಹ ಪುಣ್ಯಕಾಲಗಳನ್ನು ಪರ್ವ ಎಂದು ಕರೆಯುತ್ತಿದ್ದರು. ಕನ್ನಡ ದಾನಶಾಸನಗಳಲ್ಲಿ ಬಹುಸಂಖ್ಯೆಯವು ಇಂತಹ ಪರ್ವದ ದಿನಗಳಿಗೇ ಸೇರಿದವು ಎಂಬುದು ಗಮನಾರ್ಹ, ಏಕೆಂದರೆ ದಾನ ಕೊಡುವವನು ಹೆಚ್ಚು ಜನರ ಎದುರಿನಲ್ಲಿ ಕೊಡಬಯಸುವುದು ಧರ್ಮಕ್ಕೆ ವಿರುದ್ಧವೇನೂ ಆಗಿರಲಿಲ್ಲ.

ಅಯ್ಯಾವೊಳೆಯ ಐನೂರ್ವರು ಎಂದು ಪ್ರಸಿದ್ಧವಾದ, ಇಂದಿನ ಐಹೊಳೆಯ ಹೆಸರನ್ನು ಹೊತ್ತ ವರ್ತಕ ಸಂಘವು ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿತ್ತು. ಊರೂರುಗಳಲ್ಲಿ ಅದರೊಡನೆ ನಖರ, ನಾನಾದೇಶಿ, ಮುಮ್ಮುರಿದಂಡ ಮುಂತಾದ ವರ್ತಕ ಗುಂಪುಗಳೂ, ಪಟ್ಟಣಸ್ವಾಮಿ ಎಂಬ ಪೇಟೆಯ ಮುಖ್ಯಸ್ಥನೂ ಇರುತ್ತಿದ್ದರು. ಇವರು ದೇವಾಲಯಗಳಿಗೆ ಕೊಟ್ಟ ದತ್ತಿಗಳ ರೀತಿ ವಿಶಿಷ್ಟವಾದದ್ದು. ಇಡಿಯ ಮೊತ್ತವನ್ನು ಒಮ್ಮೆಗೇ ಕೊಡುವ ಬದಲು, ಎತ್ತಿನ ಮೇಲೆ ಬರುವ ಹೇರೊಂದಕ್ಕೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಗಾಣವೊಂದಕ್ಕೆ ಒಂದು ಸೊಲ್ಲಿಗೆ ಎಣ್ಣೆ ಎಂಬಂತೆ ವ್ಯವಹಾರದ ಪ್ರಮಾಣಕ್ಕೆ ತಕ್ಕ ಆಯವನ್ನು ಅವರು ತಮ್ಮ ಮೇಲೆ ತಾವೇ ವಿಧಿಸಿಕೊಳ್ಳುತ್ತಿದ್ದರು; ಹೀಗಾಗಿ ವ್ಯಾಪಾರ ಬೆಳೆದಂತೆ ದೇವರ ಪಾಲೂ ಬೆಳೆಯುತ್ತಿತ್ತು. ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿಯ ಶಾಸನವು ರಟ್ಟ ಜಿನಾಲಯಕ್ಕೆ ವರ್ತಕ ಸಮೂಹಗಳು ಸಲ್ಲಿಸಲೊಪ್ಪಿದ ಇಂತಹ ಆಯಗಳನ್ನು ಸರಕಿನ ಹೆಸರುಗಳ ಸಮೇತ ದಾಖಲಿಸುತ್ತದೆ, ಮತ್ತು ಅವರಲ್ಲಿ ಪರದೇಶದ ವ್ಯಾಪಾರಿಗಳೂ ಇದ್ದರೆಂಬುದನ್ನು ತಿಳಿಸುತ್ತದೆ. ದೂರದೂರಿನಿಂದ ಬಂದವನಿಗೆ ಪರಸ್ಥಳದ ಪೇಟೆಯಲ್ಲಿ ಪರಿಚಯವಾಗಲಿ ಸಾಲವಾಗಲಿ ಸುಲಭವಾಗಿ ಸಿಗುವಂತಿರಲಿಲ್ಲ. ಊರಿನ ಪ್ರಮುಖ ದೇವಾಲಯದ ಕಲ್ಲಿನಲ್ಲಿ ತನ್ನ ಸಮೂಹದ ಹೆಸರು ಇರುವುದು ಅಂತಹವನಿಗೆ ಪುಣ್ಯವಲ್ಲದೆ ನಂಬಿಕೆಯನ್ನೂ ತಂದುಕೊಡುತ್ತಿತ್ತು. ಶಾಸನಗಳನ್ನು ಕೇವಲ ಭಕ್ತಿಯ ದಾಖಲೆಗಳಾಗಿ ಓದುವ ವಿದ್ವಾಂಸರು ಈ ಎರಡನೆಯ ಲಾಭವನ್ನು ಕಡೆಗಣಿಸಿದ್ದಾರೆ ಎನ್ನದೆ ವಿಧಿಯಿಲ್ಲ.

ವಿಜಯನಗರದ ಮಹಾನವಮಿಯನ್ನು 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಮತ್ತು ಸುಮಾರು 1520ರ ವೇಳೆಯ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಸ್ತಾರವಾಗಿ ವರ್ಣಿಸಿದ್ದಾರೆ. ಅವರ ಬರಹಗಳಲ್ಲಿ ಅರಸನ ವೈಭವವೇ ಮುಂದೆ ನಿಲ್ಲುತ್ತದೆಯಾದರೂ, ನಗರದ ಪೇಟೆಗಳ ಸಮೃದ್ಧಿಯೂ, ಅದರಲ್ಲೂ ಅಬ್ದುರ್ ರಜಾಕನಿಗೆ ಆಶ್ಚರ್ಯ ಹುಟ್ಟಿಸಿದ ಗುಲಾಬಿಯ ವ್ಯಾಪಾರವೂ ಅಷ್ಟೇ ಎದ್ದು ಕಾಣುತ್ತದೆ. ಊಟದಷ್ಟೇ ಅಗತ್ಯವೆಂಬಂತೆ ಇಲ್ಲಿನ ಜನ ಹೂವನ್ನು ಕೊಳ್ಳುತ್ತಾರೆಂಬುದು ಆತನ ಅಭಿಪ್ರಾಯವಾಗಿತ್ತು. ಈ ಉತ್ಸವದ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು, ಮತ್ತು 1799ರ ಅನಂತರ ಅದು ಮೈಸೂರಿಗೆ ಸ್ಥಳಾಂತರಗೊಂಡಿತು.

ಅರಮನೆಯ ಉತ್ಸವಗಳಿಗಿಂತ ಸಣ್ಣ ವ್ಯಾಪಾರಿಗೆ ಹೆಚ್ಚು ಮುಖ್ಯವಾದವು ಹಳ್ಳಿಗಾಡಿನ ಜಾತ್ರೆಗಳು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಗೆ ಬಹು ದೂರದ ವರ್ತಕರು ಬರುತ್ತಿದ್ದುದನ್ನು ಗಮನಿಸಿದ್ದಾನೆ; ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ಪ್ರತಿ ಜಿಲ್ಲೆಯ ವಿವರದೊಡನೆ ಅಲ್ಲಿನ ಸಂತೆ, ಜಾತ್ರೆಗಳ ಪಟ್ಟಿಗಳಿವೆ. ಆಡಳಿತದ ದೃಷ್ಟಿಯಲ್ಲಿ ಜಾತ್ರೆಯು ಧರ್ಮದ ವಿಷಯವಾಗಿದ್ದಷ್ಟೇ ವಾಣಿಜ್ಯದ ವಿಷಯವೂ ಆಗಿತ್ತೆಂಬುದಕ್ಕೆ ಈ ಪಟ್ಟಿಗಳೇ ಸಾಕ್ಷಿ. ದೊಡ್ಡ ಜಾತ್ರೆಗಳಲ್ಲಿ ಬಹಳಷ್ಟು ಸುಗ್ಗಿಯ ನಂತರ, ಅಂದರೆ ಪುಷ್ಯದಿಂದ ಚೈತ್ರದವರೆಗಿನ ಅವಧಿಯಲ್ಲಿ ನಡೆಯುತ್ತವೆ. ಒಕ್ಕಣೆ ಮುಗಿದು ರೈತನ ಕೈಯಲ್ಲಿ ಕಾಸೂ ಬಿಡುವೂ ಇರುವ ಕಾಲ ಅದೊಂದೇ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಾಗಲಿ, ಶಿವರಾತ್ರಿಯ ವೇಳೆಗೆ ಸೇರುವ ಸಿದ್ಧಗಂಗೆಯ ಜಾತ್ರೆಯಾಗಲಿ ಮುಂದಿನ ಉಳುಮೆಗೆ ಎತ್ತಿನ ಜೋಡಿಯನ್ನು ಹುಡುಕುವವನಿಗೆ ಸರಿಯಾದ ಹೊತ್ತಿಗೇ ಬರುತ್ತಿದ್ದವು. ದನದ ಹಿಂದೆಯೇ ಹಗ್ಗ, ಮೂಗುದಾರ, ಗೆಜ್ಜೆ, ಗಂಟೆಗಳನ್ನು ಮಾರುವವನೂ, ಅವನ ಹಿಂದೆ ಬೆಂಡು ಬತ್ತಾಸು, ಬಳೆ, ಪೀಪಿಗಳವನೂ ಬರುತ್ತಿದ್ದರು. ವಾಣಿಜ್ಯದ ಈ ಹಿಂಬಾಲಕ ಸರಣಿಯಲ್ಲಿ ಕೊನೆಯವನ ಬಂಡವಾಳವು ಒಂದು ಬುಟ್ಟಿಯಷ್ಟಿದ್ದರೂ ಅವನಿಗೆ ದೊರೆಯುವ ಜನಸಂದಣಿ ಮೊದಲನೆಯವನಿಗೆ ದೊರೆತಷ್ಟೇ ಆಗಿರುತ್ತಿತ್ತು, ಮತ್ತು ಜಾತ್ರೆಯು ಬಡ ವ್ಯಾಪಾರಿಗೆ ನೀಡಿದ ಅತಿ ದೊಡ್ಡ ಸೌಲಭ್ಯವೆಂದರೆ ಇದೇ.

ಬಾದಾಮಿಯ ಸಮೀಪ, ಚೊಳಚಗುಡ್ಡದ ಬಳಿ ಪುಷ್ಯ ಮಾಸದಲ್ಲಿ ನಡೆಯುವ ಬನಶಂಕರಿ ಜಾತ್ರೆಯ ಎರಡು ವ್ಯಾಪಾರಗಳು ವಿಶೇಷ ಪರಿಶೀಲನೆಗೆ ಅರ್ಹವಾಗಿವೆ. ಮೊದಲನೆಯದು ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ಮಾರಾಟ: ಬಡಿಗರು ತಿಂಗಳುಗಟ್ಟಲೆ ಕೆತ್ತಿ ಸಿದ್ಧಪಡಿಸಿದ ಬಾಗಿಲುಗಳು ಜಾತ್ರೆಯ ಬಯಲಿನಲ್ಲಿ ಸಾಲಾಗಿ ನಿಲ್ಲುತ್ತವೆ, ಮತ್ತು ಬೇಸಿಗೆಯಲ್ಲಿ ಮನೆ ಕಟ್ಟಿಸಬೇಕೆಂದಿರುವ ರೈತರು ಗಾಡಿ ಕಟ್ಟಿಕೊಂಡು ಬಂದು ಆರಿಸಿ ಒಯ್ಯುತ್ತಾರೆ. ದೇವಿಯ ಪೂಜೆಗೂ ಬಾಗಿಲಿಗೂ ಯಾವ ಸಂಬಂಧವೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಕೊಳ್ಳುವ, ಅಂಗಡಿಯಲ್ಲಿಟ್ಟು ಮಾರಲು ಜಾಗ ಸಾಲದ ಸರಕಿಗೆ ವರ್ಷಕ್ಕೊಮ್ಮೆ ಸೇರುವ ಪೇಟೆಯೇ ತಕ್ಕದ್ದಾಗಿತ್ತು. ಎರಡನೆಯದು ವೃತ್ತಿ ನಾಟಕ ಕಂಪನಿಗಳ ಮೊಕ್ಕಾಂ. ಊರಿಂದೂರಿಗೆ ತಿರುಗುತ್ತಿದ್ದ ಕಂಪನಿಗಳಿಗೆ ಬನಶಂಕರಿ ಜಾತ್ರೆಯು ಗಳಿಕೆಯ ಮುಖ್ಯ ಕಾಲವಾಗಿದ್ದು, ಇಂದಿಗೂ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟು ಹಾಕಿ ಬೆಳತನಕ ಆಟ ಆಡುತ್ತವೆ. ಪ್ರತಿ ಕಂಪನಿಯೂ ಪಕ್ಕದ ಕಂಪನಿಯ ಪ್ರೇಕ್ಷಕರನ್ನು ಸೆಳೆಯಬೇಕಾಗಿದ್ದರಿಂದ, ದೊಡ್ಡ ಬಣ್ಣದ ಪರದೆ, ಧ್ವನಿವರ್ಧಕದ ಪ್ರಚಾರ, ನಗೆ ತುಂಬಿದ ನಾಟಕದ ಹೆಸರು, ಸಿನಿಮಾ ನಟಿಯರ ಅತಿಥಿ ಪಾತ್ರ ಇವೆಲ್ಲ ಅಲ್ಲಿ ಪೈಪೋಟಿಯ ಸಾಧನಗಳಾದವು.

ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯು ಒಂದೇ ಸರಕಿನ ಜಾತ್ರೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಇದರ ಹಿಂದೆ, ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರ ಕಡಲೆಕಾಯಿ ಬೆಳೆಯನ್ನು ಬಸವ ಬಂದು ತಿನ್ನುತ್ತಿದ್ದ, ಅವನನ್ನು ತಣಿಸಲೆಂದು ಗುಡಿ ಕಟ್ಟಿ ಮೊದಲ ಬೆಳೆಯನ್ನು ಒಪ್ಪಿಸುವ ಪದ್ಧತಿ ಬಂತು ಎಂಬ ಐತಿಹ್ಯವಿದೆ. ಗುಡಿಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದೂ ಹೇಳಲಾಗುತ್ತದೆ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಬೆಳೆಯಾಗಿದ್ದು, ಪೋರ್ಚುಗೀಸರ ಆಗಮನದ ಅನಂತರವೇ ಭಾರತವನ್ನು ತಲುಪಿ, ದಕ್ಷಿಣದಲ್ಲಿ ವಿಶಾಲ ಪ್ರದೇಶಕ್ಕೆ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದ್ದರಿಂದ ಗುಡಿಯ ಸ್ಥಾಪನೆಯ ಕಾಲಕ್ಕೆ ಐತಿಹ್ಯವನ್ನು ಅಂಟಿಸುವುದು ಸಾಧ್ಯವಿಲ್ಲ. ಹಳೆಯದೊಂದು ಕಾರ್ತಿಕ ಸೋಮವಾರದ ಪೂಜೆಯ ಮೇಲೆ ಹೊಸ ಬೆಳೆಯ ಕೊಯ್ಲು ಬಂದು ಕೂತು, ಕೊನೆಗೆ ಪೂಜೆಗೆ ಬೆಳೆಯ ಹೆಸರೇ ನಿಂತಿತು ಎಂದು ಊಹಿಸುವುದು ಹೆಚ್ಚು ಸಮಂಜಸ. ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರಗಳಿಂದಲೂ ಗಡಿಯಾಚೆಯ ತಮಿಳು, ತೆಲುಗು ಊರುಗಳಿಂದಲೂ ಬರುವವರು ಹಸಿ, ಹುರಿದ, ಬೇಯಿಸಿದ ಕಾಯಿಗಳನ್ನು ಸೇರಿನಲ್ಲಿ ಅಳೆದು ಮಾರುತ್ತಾರೆ. ತಕ್ಕಡಿಯ ಯುಗದಲ್ಲಿಯೂ ಸೇರು ಉಳಿದುಕೊಂಡಿರುವ ಕೆಲವೇ ಪೇಟೆಗಳಲ್ಲಿ ಇದೊಂದು.

ಜಾತ್ರೆಯ ಬಯಲನ್ನು ಬಿಟ್ಟು ಮನೆಯೊಳಗಿನ ಹಬ್ಬಗಳಿಗೆ ಬಂದರೆ ಬೇರೊಂದು ಬಗೆಯ ವ್ಯಾಪಾರ ಕಾಣುತ್ತದೆ. ಇಲ್ಲಿ ಏನನ್ನು ಕೊಳ್ಳಬೇಕೆಂಬುದನ್ನು ಆಚರಣೆಯೇ ವಿಧಿಸುತ್ತದೆ. ಗೌರಿ ಹಬ್ಬದ ಬಾಗಿನಕ್ಕೆ, ಅಂದರೆ ಸುಮಂಗಲಿಯರು ಪರಸ್ಪರ ಕೊಡುವ ಮಂಗಳದ್ರವ್ಯಗಳ ಕೊಡುಗೆಗೆ, ಒಂದರ ಮೇಲೊಂದು ಕವುಚಿದ ಜೋಡಿ ಮೊರಗಳು ಬೇಕು. ಅವುಗಳೊಳಗೆ ಬಳೆ, ಬಿಚ್ಚೋಲೆ, ಕನ್ನಡಿ, ಅರಿಸಿನ, ಕುಂಕುಮ, ಧಾನ್ಯ, ಬೆಲ್ಲಗಳಿರಬೇಕು. ಅಕ್ಕಿ ಕೇರುವ ಕೆಲಸವನ್ನು ಗಿರಣಿ ಮತ್ತು ಪ್ಯಾಕೆಟ್ಟುಗಳು ಕಿತ್ತುಕೊಂಡ ಮೇಲೂ ನಗರದ ಮೇದರಿಗೆ ಮೊರ ಹೆಣೆಯುವ ಕೆಲಸ ಉಳಿದಿರುವುದು ಬಹುಮಟ್ಟಿಗೆ ಈ ಒಂದು ಹಬ್ಬದಿಂದ. ಕಾರ್ತಿಕದ ಹಣತೆ ಮತ್ತು ಭಾದ್ರಪದದ ಗಣಪನನ್ನು ಮಾಡುವ ಕುಂಬಾರರು, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವವರಿಗೆ ಮರದ ಅಚ್ಚು ಕೆತ್ತಿಕೊಡುವವರು, ನವರಾತ್ರಿಗೆ ಪಟ್ಟದ ಬೊಂಬೆ ಮಾಡುವವರು ಇದೇ ವರ್ಗಕ್ಕೆ ಸೇರುತ್ತಾರೆ. ಇಂತಹ ಸರಕಿಗೆ ಪ್ರಚಾರದ ಅಗತ್ಯವೇ ಇಲ್ಲ, ಆದರೆ ಅದಕ್ಕೆ ನಾಳೆ ಎಂಬುದೂ ಇಲ್ಲ. ವರಮಹಾಲಕ್ಷ್ಮಿಯ ಹಿಂದಿನ ಸಂಜೆ ಕೃಷ್ಣರಾಜ ಮಾರುಕಟ್ಟೆಯಲ್ಲಿ ಮಾರಿಗೆ ಇಷ್ಟೆಂದು ಗಟ್ಟಿಯಾಗಿ ಬೆಲೆ ನಿಂತ ಕನಕಾಂಬರವು ಶುಕ್ರವಾರ ಮಧ್ಯಾಹ್ನದ ವೇಳೆಗೆ ಕೇಳುವವರಿಲ್ಲದೆ ಬಾಡುತ್ತದೆ. ಆಯುಧಪೂಜೆಯ ಮರುದಿನ ಬೀದಿ ಬದಿಯಲ್ಲಿ ಬಿದ್ದಿರುವ ಬಾಳೆಕಂದು, ಬೂದುಗುಂಬಳಗಳ ರಾಶಿಯು ಯಾವನೋ ವ್ಯಾಪಾರಿಯ ಲೆಕ್ಕಾಚಾರ ತಪ್ಪಿದ್ದರ ಗುರುತು. ಹಬ್ಬದ ಬೆಲೆಯೇರಿಕೆಯನ್ನು ದುರಾಸೆಯೆಂದು ಖಂಡಿಸುವ ಪತ್ರಿಕೆಗಳು ಈ ನಷ್ಟದ ಭಾಗವನ್ನು ವರದಿ ಮಾಡುವುದು ವಿರಳ. ಎಲ್ಲ ಹಬ್ಬವೂ ಎಲ್ಲ ಅಂಗಡಿಗೆ ಗಳಿಕೆಯ ದಿನವಲ್ಲ ಎಂಬುದನ್ನೂ ಮರೆಯಬಾರದು: ಗಾಂಧಿ ಜಯಂತಿ, ಮಹಾವೀರ ಜಯಂತಿಗಳಂದು ಬೆಂಗಳೂರಿನಲ್ಲಿ ಮಾಂಸ ಮಾರಾಟವನ್ನು ನಿಷೇಧಿಸಲಾಗುವುದರಿಂದ, ಆ ರಜೆಗಳು ಮಾಂಸದಂಗಡಿಯವರಿಗೆ ಬಾಗಿಲು ಮುಚ್ಚುವ ದಿನಗಳು.

ಉತ್ತರ ಕರ್ನಾಟಕದ ವರ್ತಕರಲ್ಲಿ ದೀಪಾವಳಿಯು ಮಾರಾಟದ ಹಬ್ಬವಾಗುವ ಮೊದಲು ಲೆಕ್ಕದ ಹಬ್ಬವಾಗಿತ್ತು. ಅಮಾವಾಸ್ಯೆಯ ಲಕ್ಷ್ಮೀಪೂಜೆಯಲ್ಲಿ ಹೊಸ ಕಿರ್ದಿ ಮತ್ತು ಖತಾವಣಿಗಳನ್ನು, ಅಂದರೆ ದಿನವಹಿ ಪುಸ್ತಕ ಮತ್ತು ಗಿರಾಕಿವಾರು ಖಾತೆ ಪುಸ್ತಕಗಳನ್ನು, ದೇವರ ಮುಂದಿಟ್ಟು ಪೂಜಿಸಿ, ಬಲಿಪಾಡ್ಯಮಿಯಂದು ಅವುಗಳಲ್ಲಿ ಬರೆಯಲು ಆರಂಭಿಸುವುದು ರೂಢಿ. ಹುಬ್ಬಳ್ಳಿ, ಬೆಳಗಾವಿಗಳಂತಹ ಪೇಟೆಗಳಲ್ಲಿ ಆ ಸಂಜೆ ಗಿರಾಕಿಗಳನ್ನೂ ದಲಾಲರನ್ನೂ ಪಾನ್‌ ಸುಪಾರಿಗೆ ಕರೆಯುವ ಪದ್ಧತಿಯಿತ್ತು. ಎಲೆ ಅಡಿಕೆ, ಪೇಡೆ, ಅತ್ತರುಗಳ ಈ ಸತ್ಕಾರದ ಹಿಂದೆ ಹಳೆಯ ಬಾಕಿಯನ್ನು ಬಾಯಿಬಿಟ್ಟು ಕೇಳದೆ ನೆನಪಿಸುವ ಜಾಣತನವೂ ಇರುತ್ತಿತ್ತು, ಏಕೆಂದರೆ ಬಾಕಿ ಉಳಿಸಿಕೊಂಡವನು ಕರೆಗೆ ಬರಲು ಸಂಕೋಚಪಡಬೇಕು, ಬಂದರೆ ಸ್ವಲ್ಪವಾದರೂ ಕೊಟ್ಟು ಹೊಸ ಪುಟದಲ್ಲಿ ಹೆಸರು ಬರೆಸಿಕೊಳ್ಳಬೇಕು. ಕರಾವಳಿಯಲ್ಲಿ ಇದೇ ಹೊತ್ತಿಗೆ ಅಂಗಡಿಪೂಜೆ ನಡೆಯುತ್ತದೆ. ಹಳೆಯ ಮೈಸೂರಿನಲ್ಲಿ ಅಂಗಡಿಯ ತಕ್ಕಡಿ, ಗಲ್ಲಾಪೆಟ್ಟಿಗೆಗಳಿಗೆ ಪೂಜೆ ಸಲ್ಲುವುದು ಆಯುಧಪೂಜೆಯಂದು. ದೀಪಾವಳಿಯಿಂದ ದೀಪಾವಳಿಗೆ ಲೆಕ್ಕ ಮುಗಿಸುವ ಈ ವರ್ಷವನ್ನು ಆದಾಯ ತೆರಿಗೆ ಕಾನೂನು ಕೂಡ ಬಹುಕಾಲ ಒಪ್ಪಿಕೊಂಡಿತ್ತು. 1989-90ರ ತೆರಿಗೆ ನಿರ್ಧಾರಣೆಯ ವರ್ಷದಿಂದ ಎಲ್ಲರೂ ಮಾರ್ಚ್ 31ಕ್ಕೇ ಲೆಕ್ಕ ಮುಗಿಸಬೇಕೆಂಬ ನಿಯಮ ಬಂದ ಮೇಲೆ ಖಾತೆಯ ಪೂಜೆ ಉಳಿಯಿತು, ಖಾತೆಯ ವರ್ಷ ಅಳಿಯಿತು. ಬಾಕಿ ವಸೂಲಿಯ ಹಬ್ಬವು ಹೊಸ ಮಾರಾಟದ ಹಬ್ಬವಾಗಿ ಬದಲಾಗುವುದಕ್ಕೆ ಈ ಕಾನೂನೊಂದೇ ಕಾರಣವಲ್ಲವಾದರೂ, ಅದು ಹಳೆಯ ಹೊಣೆಯೊಂದನ್ನು ದೀಪಾವಳಿಯ ಹೆಗಲಿನಿಂದ ಇಳಿಸಿತೆಂಬುದು ನಿಜ.

ಉತ್ಸವವನ್ನು ಉದ್ದೇಶಪೂರ್ವಕವಾಗಿ ವಾಣಿಜ್ಯದ ಏಳಿಗೆಗೆ ಬಳಸಿದ ಮೊದಲ ದೊಡ್ಡ ಪ್ರಯತ್ನ ಸರ್ಕಾರದ್ದೇ ಆಗಿತ್ತೆಂಬುದು ಕುತೂಹಲಕಾರಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1907ರಲ್ಲಿ, ಮೈಸೂರು ದಸರೆಯ ಜೊತೆಗೆ ಕೈಗಾರಿಕೆ ಮತ್ತು ವ್ಯವಸಾಯದ ವಸ್ತುಪ್ರದರ್ಶನವನ್ನು ಆರಂಭಿಸಲಾಯಿತು. ಜಂಬೂಸವಾರಿ ನೋಡಲು ಬಂದವರು ನೇಕಾರರ, ಕುಸುರಿ ಕೆಲಸದವರ, ಸಾಬೂನು, ಊದಿನಕಡ್ಡಿ ತಯಾರಕರ ಸರಕನ್ನೂ ನೋಡಿ ಹೋಗಲಿ ಎಂಬುದು ಅದರ ಸರಳ ತರ್ಕ. ಜಾತ್ರೆಯಲ್ಲಿ ತಾನಾಗಿ ಆಗುತ್ತಿದ್ದುದನ್ನು ಆಡಳಿತವು ಟಿಕೆಟ್ಟು, ಮಳಿಗೆ, ಬಹುಮಾನಗಳ ಚೌಕಟ್ಟಿನಲ್ಲಿ ನಡೆಸಿತು. ಇಂದು ದೊಡ್ಡಕೆರೆ ಮೈದಾನದಲ್ಲಿ ನಡೆಯುವ ದಸರಾ ವಸ್ತುಪ್ರದರ್ಶನದಲ್ಲಿ ಹಪ್ಪಳ ಮತ್ತು ತಿರುಗುವ ತೊಟ್ಟಿಲುಗಳದೇ ಮೇಲುಗೈ ಎಂದು ಗೊಣಗುವವರಿದ್ದಾರೆ, ಆದರೆ ಜಾತ್ರೆಯ ಗುಣವನ್ನು ಪ್ರದರ್ಶನದಿಂದ ಪೂರ್ತಿಯಾಗಿ ತೊಡೆದುಹಾಕುವುದು 1907ರಲ್ಲಿಯೂ ಸಾಧ್ಯವಿದ್ದಿರಲಾರದು.

ಇಪ್ಪತ್ತನೆಯ ಶತಮಾನವು ಸಣ್ಣ ವ್ಯಾಪಾರಿಗೆ ಕೊಟ್ಟ ಅತ್ಯಂತ ಪರಿಣಾಮಕಾರಿ ಸಾಧನ ಮುದ್ರಿತ ಕ್ಯಾಲೆಂಡರು. ಇದರ ಮೂಲ ದೇವರ ಚಿತ್ರಗಳ ಅಗ್ಗದ ಮುದ್ರಣದಲ್ಲಿದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯವು ಲಕ್ಷ್ಮೀ, ಸರಸ್ವತಿಯರನ್ನು ಸಾಮಾನ್ಯರ ಮನೆಯ ಗೋಡೆಗೆ ತಂದಿತು. ಲೋಣಾವಳದ ಬಳಿಯ ಮಳವಲಿಗೆ ಹೋದ ಆ ಮುದ್ರಣಾಲಯವು ಬೇಗನೆ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅವರ ಕೈಸೇರಿ, ಅದೇ ಚಿತ್ರಗಳು ಸರಕಿನ ಚೀಟಿಗಳಾಗಿಯೂ ಜಾಹೀರಾತಾಗಿಯೂ ಬಳಕೆಗೆ ಬಂದವು. ಮುಂದೆ ತಮಿಳುನಾಡಿನ ಶಿವಕಾಶಿಯು ಬೆಂಕಿಕಡ್ಡಿ, ಪಟಾಕಿಗಳ ಜೊತೆಗೆ ಮುದ್ರಣದ ಕೇಂದ್ರವೂ ಆಗಿ ಬೆಳೆದು, ಕರ್ನಾಟಕದ ಸಣ್ಣ ಪಟ್ಟಣಗಳ ಅಂಗಡಿಗಳಿಗೂ ಕ್ಯಾಲೆಂಡರು ಒದಗಿಸತೊಡಗಿತು. ದೀಪಾವಳಿಗೆ ಬಹಳ ಮುಂಚೆಯೇ ಏಜೆಂಟರು ಮಾದರಿಗಳ ದಪ್ಪ ಪುಸ್ತಕ ಹಿಡಿದು ಬರುತ್ತಿದ್ದರು. ಚಿತ್ರವು ಎಲ್ಲರಿಗೂ ಒಂದೇ, ಆದರೆ ಕೆಳಗೆ ಖಾಲಿ ಬಿಟ್ಟ ಪಟ್ಟಿಯಲ್ಲಿ ಅಂಗಡಿಯ ಹೆಸರು, ವಿಳಾಸ, ಸಿಗುವ ಸರಕುಗಳನ್ನು ಬೇಕಾದಂತೆ ಅಚ್ಚು ಮಾಡಿಸಬಹುದಾಗಿತ್ತು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರಂತಹ ಕಲಾವಿದರು ಈ ಕ್ಯಾಲೆಂಡರು ಚಿತ್ರಗಳಿಂದಲೇ ದೇಶದಾದ್ಯಂತ ಮನೆಮಾತಾದರು. ದೇವರ ಚಿತ್ರವಿರುವ ಕ್ಯಾಲೆಂಡರನ್ನು ವರ್ಷ ಮುಗಿದರೂ ಎಸೆಯಲು ಮನಸ್ಸು ಬಾರದೆ, ತಿಂಗಳ ಹಾಳೆಗಳನ್ನು ಕಿತ್ತು ಚಿತ್ರಕ್ಕೆ ಕಟ್ಟು ಹಾಕಿಸಿ ಪೂಜೆಗೆ ಇಟ್ಟುಕೊಂಡ ಮನೆಗಳು ಎಷ್ಟೋ. ಹಾಗೆ ಕಟ್ಟು ಹಾಕಿಸುವಾಗ ಕೆಳಗಿನ ಅಂಗಡಿಯ ಹೆಸರೂ ದೇವರೊಡನೆ ಗಾಜಿನೊಳಗೆ ಸೇರಿಕೊಂಡಿತು. ದೇವಾಲಯದ ಕಲ್ಲಿನಲ್ಲಿ ಐನೂರ್ವರು ಪಡೆದ ಸ್ಥಾನವನ್ನು ಕಿರಾಣಿ ಅಂಗಡಿಯವನು ಇಷ್ಟು ಕಡಿಮೆ ಖರ್ಚಿನಲ್ಲಿ ಪಡೆದದ್ದು ಚರಿತ್ರೆಯ ಸಣ್ಣ ವಿನೋದಗಳಲ್ಲಿ ಒಂದು. ಎಲ್ಲರಿಗೂ ಕ್ಯಾಲೆಂಡರು ಸಿಗುತ್ತಿರಲಿಲ್ಲವೆಂಬುದೂ ಮುಖ್ಯ: ತಿಂಗಳ ಲೆಕ್ಕ ಇಟ್ಟವರಿಗೆ ಕರೆದು ಕೊಡುತ್ತಿದ್ದರು, ಬಿಡಿಯಾಗಿ ಕೊಂಡವರು ಕೇಳಿ ಪಡೆಯಬೇಕಾಗಿತ್ತು.

ಪತ್ರಿಕೆಗಳ ವಿಶೇಷಾಂಕಗಳು ಇದೇ ಕ್ರಮದ ಇನ್ನೊಂದು ರೂಪ. ಮರಾಠಿಯಲ್ಲಿ 1909ರಲ್ಲಿ ‘ಮನೋರಂಜನ’ ಮಾಸಿಕವು ಆರಂಭಿಸಿದ ದೀಪಾವಳಿ ಸಂಚಿಕೆಯ ಪದ್ಧತಿಯು ಕನ್ನಡದಲ್ಲಿಯೂ ಬೇರೂರಿ, ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳು ಸಾಹಿತ್ಯದ ವಾರ್ಷಿಕ ಘಟನೆಗಳೇ ಆದವು; ಅವುಗಳ ಕಥೆ, ಕವಿತೆಗಳ ಬಗ್ಗೆ ಸಾಕಷ್ಟು ವಿಮರ್ಶೆ ಬಂದಿದೆ, ಆದರೆ ಆ ಪುಟಗಳ ವೆಚ್ಚವನ್ನು ಹೊತ್ತ ಜವಳಿ ಅಂಗಡಿ, ಊದಿನಕಡ್ಡಿ ಕಾರ್ಖಾನೆ, ಆಯುರ್ವೇದ ಔಷಧಿ ತಯಾರಕರ ಶುಭಾಶಯದ ಜಾಹೀರಾತುಗಳನ್ನು ಅಧ್ಯಯನ ಮಾಡಿದವರು ಕಡಿಮೆ. ಪತ್ರಿಕೆಯಲ್ಲಿ ಜಾಹೀರಾತು ಕೊಡಲಾರದವರಿಗೆ ಊರಿನ ಉತ್ಸವ ಸಮಿತಿಗಳಿದ್ದವು. ತಿಲಕರು 1893ರಲ್ಲಿ ಪುಣೆಯಲ್ಲಿ ರೂಪಿಸಿದ ಸಾರ್ವಜನಿಕ ಗಣೇಶೋತ್ಸವವು ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ದಕ್ಷಿಣಕ್ಕೂ ಹಬ್ಬಿದಾಗ, ಬೀದಿಯ ಹುಡುಗರು ಅಂಗಡಿ ಅಂಗಡಿಗೆ ಚಂದಾ ರಸೀತಿ ಹಿಡಿದು ಹೋಗುವ ಪರಿಪಾಠ ಹುಟ್ಟಿತು. ಚಂದಾ ಕೊಟ್ಟವನ ಹೆಸರು ಧ್ವನಿವರ್ಧಕದಲ್ಲಿ ಕೇಳಿತು, ಪೆಂಡಾಲಿನ ಬಟ್ಟೆಯ ಮೇಲೆ ಕಂಡಿತು, ಸ್ಮರಣ ಸಂಚಿಕೆಯಲ್ಲಿ ಅಚ್ಚಾಯಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದಂತಹ ದೊಡ್ಡ ಕಾರ್ಯಕ್ರಮಗಳೂ ಪ್ರಾಯೋಜಕರ ನೆರವನ್ನು ಅವಲಂಬಿಸಿದವು. ಚಂದಾ ವಸೂಲಿಯಲ್ಲಿ ಒತ್ತಾಯದ ಅಂಶವಿರುತ್ತಿದ್ದುದನ್ನು ಅಲ್ಲಗಳೆಯುವಂತಿಲ್ಲ. ಕೊಡದೆ ಆ ಬೀದಿಯಲ್ಲಿ ಅಂಗಡಿ ನಡೆಸುವುದು ಸುಲಭವಾಗಿರಲಿಲ್ಲ.

ಮಾರುವವನ ತಂತ್ರಗಳಷ್ಟೇ ಕೊಳ್ಳುವವನ ಕೈಯಲ್ಲಿ ಕಾಸು ಬರುವ ಕಾಲವೂ ಹಬ್ಬದ ವ್ಯಾಪಾರವನ್ನು ರೂಪಿಸಿತು. ಸರ್ಕಾರಿ ನೌಕರರಿಗೆ ದೊರೆಯುವ ಹಬ್ಬದ ಮುಂಗಡ, ಅಂದರೆ ಹಬ್ಬಕ್ಕೆ ಮುನ್ನ ಬಡ್ಡಿಯಿಲ್ಲದೆ ಕೊಟ್ಟು ಸಂಬಳದಲ್ಲಿ ಕಂತುಗಳಾಗಿ ಹಿಡಿದುಕೊಳ್ಳುವ ಹಣ, ಮತ್ತು 1965ರ ಬೋನಸ್ ಪಾವತಿ ಕಾಯಿದೆಯಿಂದ ಕಾರ್ಮಿಕರ ಹಕ್ಕಾದ ಬೋನಸ್ ನಗರದ ಜವಳಿ, ಪಾತ್ರೆ ಅಂಗಡಿಗಳಿಗೆ ನೇರವಾಗಿ ಹರಿದುಬಂದವು. ನಿಶ್ಚಿತ ಸಂಬಳವಿಲ್ಲದವರು ತಮ್ಮದೇ ವ್ಯವಸ್ಥೆ ಮಾಡಿಕೊಂಡರು. ಅಂಗಡಿಯವರು ನಡೆಸುವ ಹಬ್ಬದ ಚೀಟಿಯಲ್ಲಿ ವಾರಕ್ಕೋ ತಿಂಗಳಿಗೋ ಇಷ್ಟೆಂದು ಕಟ್ಟಿದವರಿಗೆ ಹಬ್ಬದ ಮುನ್ನ ಬಟ್ಟೆ, ದಿನಸಿ, ಪಟಾಕಿ, ಪಾತ್ರೆ ಕೊಡಲಾಗುತ್ತದೆ. ವ್ಯಾಪಾರಿಗೆ ಬಡ್ಡಿಯಿಲ್ಲದ ಬಂಡವಾಳವೂ ಖಚಿತ ಗಿರಾಕಿಯೂ ಒಟ್ಟಿಗೆ ಸಿಗುತ್ತವೆ. ಬೆಂಗಳೂರು, ಮಂಡ್ಯ, ಮೈಸೂರು ಸೀಮೆಗಳಲ್ಲಿ ಯುಗಾದಿಯ ಮರುದಿನದ ವರ್ಷತೊಡಕಿಗೆ, ಆಡುಮಾತಿನಲ್ಲಿ ಹೊಸತೊಡಕಿಗೆ, ಮಾಂಸದ ಚೀಟಿಯೇ ಇದೆ: ವರ್ಷವಿಡೀ ಕೂಡಿಸಿದ ಹಣದಿಂದ ಆಡು ಕುರಿಗಳನ್ನು ಕೊಂಡು, ಬೆಳಗಿನ ಜಾವ ಕೊಯ್ದು, ಸಮಪಾಲಿನ ಗುಡ್ಡೆಗಳಾಗಿ ಹಂಚುತ್ತಾರೆ. ಗುಡ್ಡೆಬಾಡು ಎಂಬ ಈ ಪದ್ಧತಿಯು ಅಂಗಡಿಯನ್ನು ಪೂರ್ತಿಯಾಗಿ ಬದಿಗಿಟ್ಟು ಗಿರಾಕಿಗಳೇ ವ್ಯಾಪಾರಿಗಳಾಗುವ ಅಪರೂಪದ ಉದಾಹರಣೆ.

ಪಂಚಾಂಗದಲ್ಲಿ ಹಬ್ಬವಿಲ್ಲದ ಕಾಲವನ್ನೂ ಮಾರಾಟಕ್ಕೆ ಒಗ್ಗಿಸಿದ್ದು ಜವಳಿ ವ್ಯಾಪಾರಿಗಳ ಸಾಧನೆ. ಆಷಾಢದಲ್ಲಿ ಮದುವೆಗಳಿಲ್ಲ, ಹೊಸ ಮದುಮಗಳು ತವರಿಗೆ ಹೋಗುತ್ತಾಳೆ, ರೈತನ ಹಣವೆಲ್ಲ ಬಿತ್ತನೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೀಗೆ ಮೂರೂ ಕಡೆಯಿಂದ ಕೈಕಟ್ಟಿದ ತಿಂಗಳಿನಲ್ಲಿ ಹಳೆಯ ದಾಸ್ತಾನನ್ನು ಖಾಲಿ ಮಾಡಿ ಶ್ರಾವಣದ ಸರಕಿಗೆ ಜಾಗ ಮಾಡಿಕೊಳ್ಳಲು ಬೆಂಗಳೂರಿನ ಚಿಕ್ಕಪೇಟೆಯಂತಹ ಕೇಂದ್ರಗಳಲ್ಲಿ ಆಷಾಢದ ರಿಯಾಯಿತಿ ಮಾರಾಟ ರೂಢಿಗೆ ಬಂತು; ತಮಿಳುನಾಡಿನ ಆಡಿ ಮಾಸದ ರಿಯಾಯಿತಿಯೂ ಇದೇ ಬಗೆಯದು. ಅಶುಭವೆಂದು ಮದುವೆಯನ್ನು ಮುಂದೂಡಿದ ಮನೆಯವರೇ, ಶ್ರಾವಣದ ಮದುವೆಯ ಸೀರೆಗಳನ್ನು ಆಷಾಢದಲ್ಲಿ ಅಗ್ಗವಾಗಿ ಕೊಂಡಿಟ್ಟುಕೊಳ್ಳುವುದರಲ್ಲಿ ದೋಷ ಕಾಣಲಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದದ್ದು ಅಕ್ಷಯ ತೃತೀಯ. ಮುಖ್ಯವಾಗಿ ದಾನಕ್ಕೆ ಪ್ರಶಸ್ತವೆಂದು ಎಣಿಸಲಾಗಿದ್ದ ಆ ದಿನವು ಕಳೆದ ಕೆಲವು ದಶಕಗಳಲ್ಲಿ ಆಭರಣದಂಗಡಿಗಳ ಪ್ರಚಾರದಿಂದ ಚಿನ್ನ ಕೊಳ್ಳುವ ದಿನವಾಗಿದೆ, ಮತ್ತು ಕೊಡುವ ದಿನವನ್ನು ಕೊಳ್ಳುವ ದಿನವಾಗಿಸಿದ ಈ ತಿರುವು ಪ್ರಸ್ತುತ ಚರಿತ್ರೆಯಲ್ಲಿ ನಿಜಕ್ಕೂ ಹೊಸದು. ಮಿಕ್ಕ ಹಬ್ಬಗಳ ಬಗ್ಗೆ ಹೇಳುವ ‘ಪೇಟೆ ನುಂಗಿತು’ ಎಂಬ ಮಾತು ಇಲ್ಲಿ ಮಾತ್ರ ಸಲ್ಲುತ್ತದೆ.

ರಾಷ್ಟ್ರೀಯ ರಜಾದಿನಗಳೂ ತಮ್ಮದೇ ಸರಕನ್ನು ಹುಟ್ಟಿಸಿದವು. ಗಾಂಧಿ ಜಯಂತಿಯಿಂದ ಖಾದಿ ಭಂಡಾರಗಳಲ್ಲಿ ಆರಂಭವಾಗುವ ರಿಯಾಯಿತಿಯು ವರ್ಷದ ಮಾರಾಟದ ದೊಡ್ಡ ಪಾಲನ್ನು ಆ ವಾರಗಳಿಗೇ ಎಳೆಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನೂತು ನೇದ ಬಟ್ಟೆಯಿಂದ, ಅಧಿಕೃತ ಮಾನದಂಡಕ್ಕೆ ಅನುಗುಣವಾದ ರಾಷ್ಟ್ರಧ್ವಜವನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತದೆ. ಅಲ್ಲಿನ ಹೊಲಿಗೆಯ ಹೆಣ್ಣುಮಕ್ಕಳಿಗೆ ಆಗಸ್ಟ್ 15 ಮತ್ತು ಜನವರಿ 26ರ ಹಿಂದಿನ ತಿಂಗಳುಗಳೇ ಸುಗ್ಗಿ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರ್ ಧ್ವಜಗಳಿಗೆ ಅನುಮತಿ ಕೊಟ್ಟಾಗ, ಮನೆಮನೆಯಲ್ಲಿ ಧ್ವಜ ಹಾರಿಸುವ ಮರುವರ್ಷದ ಅಭಿಯಾನದ ಬೇಡಿಕೆಯು ಅಗ್ಗದ ಬಟ್ಟೆಯತ್ತ ಹರಿದು, ಬೆಂಗೇರಿಯ ಸಂಘವು ಪ್ರತಿಭಟಿಸಬೇಕಾಯಿತು. ಒಂದೇ ದಿನವನ್ನು ನಂಬಿದ ಉದ್ಯಮಕ್ಕೆ ಆ ದಿನದ ನಿಯಮ ಬದಲಾದರೆ ಉಳಿದ ದಿನಗಳು ನೆರವಿಗೆ ಬರುವುದಿಲ್ಲ.

ಬೇರೆಯವರ ಹಬ್ಬವನ್ನು ಕಾಯುವ ಬದಲು ಅಂಗಡಿಯೊಂದು ತನ್ನದೇ ಹಬ್ಬವನ್ನು ಕಟ್ಟಿದ ನಿದರ್ಶನವೂ ಬೆಂಗಳೂರಿನಲ್ಲಿದೆ. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿಯ ವಾಸವಿ ಕಾಂಡಿಮೆಂಟ್ಸ್ ಎಂಬ ತಿಂಡಿ ಅಂಗಡಿಯು, ಸಂಕ್ರಾಂತಿಯ ಆಸುಪಾಸಿನಲ್ಲಿ, ಈ ಶತಮಾನದ ಆರಂಭದಿಂದ ಅವರೆಬೇಳೆ ಮೇಳವನ್ನು ನಡೆಸುತ್ತ ಬಂದಿದೆ. ಸೊಗಡಿನ ಅವರೆಯು ಮಾರ್ಗಶಿರ, ಪುಷ್ಯಗಳ ಚಳಿಯಲ್ಲಿ ಮಾತ್ರ ಸಿಗುವ ಕಾಳು. ಮಾಗಡಿಯಂತಹ ಕಡೆಗಳಿಂದ ಬರುವ ಅದನ್ನು ಚಿಲುಕಿಸಿ ಬೇಳೆ ಮಾಡುವ ಕೆಲಸ ಬೇಸರದ್ದಾದ್ದರಿಂದ, ಬಿಡಿಸಿದ ಬೇಳೆಗೆ ನಗರದಲ್ಲಿ ಬೇಡಿಕೆ ಇದ್ದೇ ಇತ್ತು. ಮೇಳವು ಹಿತಕವರೆ, ಅಕ್ಕಿರೊಟ್ಟಿಗಳ ಜೊತೆಗೆ ಅವರೆಬೇಳೆಯ ದೋಸೆ, ಜಿಲೇಬಿಗಳವರೆಗೆ ಪಟ್ಟಿಯನ್ನು ಬೆಳೆಸಿತು. ಜಿಲೇಬಿಯಲ್ಲಿ ಅವರೆಯ ರುಚಿಯನ್ನು ಹುಡುಕುವುದು ಕಷ್ಟವೆಂದು ಹೇಳುವವರೂ ಅದನ್ನು ಒಮ್ಮೆ ಕೊಳ್ಳದೆ ಹೋಗುವುದಿಲ್ಲ. ಲಾಲ್‌ಬಾಗಿನ ಮಾವು ಮತ್ತು ಹಲಸಿನ ಮೇಳಗಳಂತೆ ಇಂತಹ ಕೂಟಗಳಿಗೆ ದೈವವೂ ಇಲ್ಲ, ತಿಥಿಯೂ ಇಲ್ಲ. ಬೆಳೆ ಬಂದಾಗ ಮೇಳ, ಫಸಲು ತಡವಾದರೆ ಮೇಳವೂ ತಡ. ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿಯ ಬಳಿ ಇತ್ತೀಚೆಗೆ ನಡೆಯತೊಡಗಿರುವ ಕಡಲೆಕಾಯಿ ಪರಿಷೆಯಂತೂ ಎರಡೂ ಕ್ರಮಗಳನ್ನು ಒಟ್ಟಿಗೆ ಹಿಡಿದಿದೆ: ಅಲ್ಲಿ ಗುಡಿ ಹಳೆಯದು, ಪರಿಷೆ ಹೊಸದು, ಕಾಯಿ ಮಾರುವವರಲ್ಲಿ ಹಲವರು ಬಸವನಗುಡಿಗೂ ಹೋಗುವವರೇ.